ಔಷಧದ ತತ್ತಿ

ಸೋಮಪ್ಪ ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವನಲ್ಲ. ಇದರಲ್ಲಿ ಅವನ ದೊಡ್ಡಸ್ತಿಕೆ ಏನೂ ಇರಲಿಲ್ಲ. ಯಾವ ಗುರುವೂ ಬೋಧಿಸಿರಲಿಲ್ಲ, ಯಾವ ಪುಸ್ತಕವೂ ಮನಸ್ಸು ತಿರುಗಿಸಿರಲಿಲ್ಲ. ಒಲೆಯ ಮೇಲೆ ಮಾಂಸದ ಸಾರು ಕುದಿಯುವ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸಿ ಹಿತ್ತಲಿಗೆ ಓಡುತ್ತಿದ್ದ, ಅಷ್ಟೇ. ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಅವನ ಓಣಿಯಲ್ಲಿ ಇದನ್ನು ಕಾಯಿಲೆ ಎಂದೇ ತಿಳಿದಿದ್ದರು. ತಾಯಿ ಗಿಡ್ಡಮ್ಮ ಅವನನ್ನು ಎಳೆದುಕೊಂಡು ಹೋಗಿ ತಾಯಿತ ಕಟ್ಟಿಸಿದಳು, ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆಸಿದಳು, ಸಾರಿನಲ್ಲಿ ಬೆಲ್ಲ ಬೆರೆಸಿಯೂ ನೋಡಿದಳು. ಹುಡುಗನ ಹೊಟ್ಟೆ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ತಂದೆ ಓಬಣ್ಣ, ಮನೆಯ ಗೋಡೆಗೆ ಬುದ್ಧನ ಪಟ ತೂಗುಹಾಕಿದ ಹೊಸತರಲ್ಲಿ, "ಬಿಡು, ನಮ್ಮನಿಯಾಗೂ ಒಬ್ಬ ಸ್ವಾಮಿ ಇರ್ಲಿ" ಎಂದು ಕೈಚೆಲ್ಲಿದ.

ಮದುವೆಯಾಗಿ ಬಂದ ಮಾಳಮ್ಮ ಹೊಳೆದಂಡೆಯ ಮಾಗಳದವಳು. ಅವಳಿಗೆ ತಿನ್ನಬಾರದ್ದು ಎಂಬುದು ಏನೂ ಇರಲಿಲ್ಲ. ಆದರೆ ಗಂಡನ ಅವಸ್ಥೆ ನೋಡಿ, ಅಂಥದ್ದನ್ನೆಲ್ಲ ತವರಿಗೆ ಹೋದಾಗ ಮಾತ್ರ ತಿನ್ನುವುದೆಂದು ತಾನೇ ತೀರ್ಮಾನ ಮಾಡಿಕೊಂಡಳು. ಹೀಗೆ ಅವರ ಮನೆಯ ಒಲೆ ಯಾವ ಮಠದ ಒಲೆಗೂ ಕಡಿಮೆಯಿಲ್ಲದಂತೆ ಶುದ್ಧವಾಗಿತ್ತು. ಆ ಸಂಗತಿ ಆ ಒಲೆಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಸೋಮಪ್ಪನಿಗೆ ಕೊಟ್ಟೂರಿನ ಕರೆಂಟಿನ ಆಫೀಸಿಗೆ ಗುಮಾಸ್ತನಾಗಿ ವರ್ಗವಾಯಿತು. ಆಫೀಸಿನ ಹಿಂದಿನ ಓಣಿಯಲ್ಲಿ ಒಂದು ಮನೆಯ ಬಾಗಿಲಿಗೆ ರಟ್ಟು ಕಟ್ಟಿದ್ದರು: 'ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.' ಅದನ್ನು ಓದಿ ಸೋಮಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ವರ್ಷ ಬರೀ ನಗೆಪಾಟಲಿಗೆ ಗುರಿಮಾಡಿದ ಹೊಟ್ಟೆ ಇವತ್ತು ಒಂದು ಉಪಕಾರಕ್ಕೆ ಬಂತಲ್ಲ ಎಂದುಕೊಂಡು ಕದ ತಟ್ಟಿದ.

ಮನೆಯ ಯಜಮಾನ ಮರುಳಪ್ಪ ಶೇಂಗಾ ವ್ಯಾಪಾರಿ. ತಾವಿರುವ ದೊಡ್ಡ ಮನೆಗೆ ಹತ್ತಿದಂತಿದ್ದ ಸಣ್ಣ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮರ್ಯಾದೆ. ಸೋಮಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಮಾಂಸ ಮುಟ್ಟಿಲ್ಲವೆಂಬ ಮಾತು ಕೇಳಿ ಖುಷಿಪಟ್ಟು, ವಿಷಯವನ್ನು ಬುಡದಿಂದ ತಿಳಿಸಿ ಹೇಳಿದರು.

"ಸಸ್ಯಾಹಾರದಾಗ ಬಾಳ ನಮೂನಿ ಅದಾವ್ರಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಸೈತ ಮುಟ್ಟದವ್ರು ಅದಾರ, ಅವ್ರದು ಮ್ಯಾಲಿನ ದರ್ಜಿ. ನಮ್ಮಂಥವ್ರು ಉಳ್ಳಾಗಡ್ಡಿ ತಿಂತೀವಿ, ಹಾಲು ತುಪ್ಪ ತಿಂತೀವಿ. ಇದು ಶುದ್ಧ ದರ್ಜಿ. ಪರದೇಶದಾಗ ಹಾಲು ಸೈತ ಬಿಟ್ಟವ್ರು ಅದಾರಂತ. ಹಾಲು ಬಿಟ್ಟು ಬದುಕಿ ಏನ್ ಮಾಡ್ತಾರೋ ನಾ ಕಾಣೆ. ಇನ್ನ ಕೆಲವ್ರು ಕೋಳಿ ತತ್ತಿ ತಿಂದು ಸಸ್ಯಾಹಾರಿ ಅಂತಾರ. ಸೋಮವಾರ ಒಂದಿನ ಮಾಂಸ ಬಿಟ್ಟು ಸಸ್ಯಾಹಾರಿ ಅಂತಾರ. ಅಂಥವ್ರನ್ನ ನಾವು ಹೊಸಲು ದಾಟಸಂಗಿಲ್ಲ. ನಿಮ್ಮದು ಯಾವ ನಮೂನಿ?"

"ನಿಮ್ಮದ ನಮೂನಿ ರಿ. ಉಳ್ಳಾಗಡ್ಡಿ ತಿಂತೀನಿ, ತತ್ತಿ ಮುಟ್ಟಿಲ್ಲ" ಎಂದ ಸೋಮಪ್ಪ, ಪರೀಕ್ಷೆ ಪಾಸಾದವನಂತೆ.

"ಬೇಷ್. ಊರು ಯಾವುದಾತು?"

"ಅರಸೀಕೆರಿ ರಿ."

"ಅರಸೀಕೆರ್ಯಾಗ ಯಾವ ಓಣಿ?"

ಸೋಮಪ್ಪ ಓಣಿ ಹೇಳಿದ. ಮರುಳಪ್ಪನವರ ಮುಖದ ಮೇಲಿನ ಮರ್ಯಾದೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅವರು ಎದ್ದು ಹೋಗಿ ರಟ್ಟನ್ನು ಬಿಚ್ಚಿಕೊಂಡು ಬಂದು ಮಡಿಲಲ್ಲಿಟ್ಟುಕೊಂಡರು.

"ಮನಿ ನಿನ್ನಿನ ಒಬ್ಬರಿಗೆ ಹೇಳಿಬಿಟ್ಟೀನಿ, ರಟ್ಟು ಬಿಚ್ಚದು ಮರ್ತಿದ್ದೆ. ತಪ್ಪು ತಿಳ್ಕೋಬ್ಯಾಡ್ರಿ. ನೀವು ತಿನ್ನಂಗಿಲ್ಲ ಅಂತೀರಿ, ನಾ ನಂಬ್ತೀನಿ. ಆದ್ರ ತಿನ್ನದ ಇದ್ದಷ್ಟಕ್ಕ ಸಸ್ಯಾಹಾರಿ ಆಗಾಕ ಬರಂಗಿಲ್ರಿ. ಅದು ಮನಿತನದಿಂದ ಬರಬೇಕು."

ಮನೆ ಸಿಕ್ಕಿದ್ದು ಸೋಮಪ್ಪನ ಆಫೀಸಿನವನೇ ಆದ ಉಚ್ಚಂಗೆಪ್ಪನಿಗೆ. ಉಚ್ಚಂಗೆಪ್ಪ ಮರುಳಪ್ಪನವರ ಪೈಕಿಯವನು. ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಆಮ್ಲೆಟ್ ತಿನ್ನುತ್ತಿದ್ದ, ಹೊಸಪೇಟೆಗೆ ಹೋದರೆ ಬಿರಿಯಾನಿ. ಆದರೆ ಅವನು ತಾತ ಮುತ್ತಾತನ ಕಾಲದಿಂದ ಸಸ್ಯಾಹಾರಿ. ಕೋಳಿಯ ಕಾಲು ಕಚ್ಚಿ ಎಳೆಯುವಾಗಲೂ ಸಸ್ಯಾಹಾರಿಯಾಗಿಯೇ ಇರುತ್ತಿದ್ದ. ಆ ಮನೆತನಕ್ಕೆ ಅಷ್ಟು ತಾಳಿಕೆ ಇತ್ತು.

ಸೋಮಪ್ಪನಿಗೆ ಊರ ಹೊರಗೆ ಪಕ್ಕೀರಮ್ಮ ಎಂಬ ಮುದುಕಿಯ ಹಿತ್ತಲಿನ ಮನೆ ಸಿಕ್ಕಿತು. ಪಕ್ಕೀರಮ್ಮ ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ಅವಳು ಕೇಳಿದ್ದು ಒಂದೇ ಮಾತು: "ಕೋಳಿ ಕಂಡ್ರ ಕಲ್ಲು ಒಗಿಯೋ ಚಾಳಿ ಐತೇನಪ?" ಇಲ್ಲವೆಂದ ಮೇಲೆ ಕೀಲಿ ಕೊಟ್ಟಳು. ಅಂಗಳದ ತುಂಬ ಕೋಳಿ. ಜೀವಂತ ಕೋಳಿಯ ಬಗ್ಗೆ ಸೋಮಪ್ಪನ ಹೊಟ್ಟೆಗೆ ಯಾವ ತಕರಾರೂ ಇರಲಿಲ್ಲ.

ಎರಡು ಮಳೆಗಾಲ ಕಳೆದವು. ಮರುಳಪ್ಪನವರಿಗೆ ಒಂದು ಜ್ವರ ಹಿಡಿದು, ಹೋಗುವಾಗ ಅವರ ಮೈಯ ಅರ್ಧ ತೂಕವನ್ನೂ ತೆಗೆದುಕೊಂಡು ಹೋಯಿತು. ದಾವಣಗೆರೆಯ ಡಾಕ್ಟರು ಎದೆ ತಟ್ಟಿ, ನಾಲಗೆ ನೋಡಿ, ದಿನಕ್ಕೊಂದು ಮೊಟ್ಟೆ ತಿಂದರೆ ಮೇಲೇಳುತ್ತೀರಿ, ಇಲ್ಲದಿದ್ದರೆ ನಿಮ್ಮಿಷ್ಟ ಎಂದು ಕಳಿಸಿಬಿಟ್ಟರು. ಒಂದು ಮಧ್ಯಾಹ್ನ ಮರುಳಪ್ಪ ಕೋಲು ಊರಿಕೊಂಡು, ಛತ್ರಿಯಲ್ಲಿ ಮುಖ ಮರೆಸಿಕೊಂಡು, ಸೋಮಪ್ಪನ ಅಂಗಳಕ್ಕೆ ಬಂದು ನಿಂತರು. ರಜೆಯ ದಿನ, ಸೋಮಪ್ಪ ಮನೆಯಲ್ಲೇ ಇದ್ದ. ಮೀಟರಿನ ಸಂಗತಿ ಇರಬೇಕೆಂದು ಎದ್ದು ಬಂದ.

"ಒಂದು ಸಣ್ಣ ಉಪಕಾರ ಆಗಬೇಕಿತ್ತು. ಡಾಕ್ಟರು ಔಷಧ ಬರದಾರ. ಅದನ್ನ ಬೇಯಿಸಿ ತಿನ್ನಬೇಕಂತ. ನಮ್ಮನಿಯಾಗ ಅಂಥದ್ದು ಒಳಗ ತರಂಗಿಲ್ಲ. ನಿಮ್ಮನಿಯಾಗ ಹೆಂಗೂ ಬೇಯಿಸ್ತೀರಿ, ಅದರ ಜೊತಿ ಇದೂ ಒಂದು ಬೇಯತೈತಿ."

ಸೋಮಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ನಮ್ಮನಿಯಾಗ ತತ್ತಿ ಬೇಯಿಸಂಗಿಲ್ಲ ರಿ" ಎಂದ.

ಮರುಳಪ್ಪ ದೊಡ್ಡ ಮನಸ್ಸಿನಿಂದ ನಕ್ಕರು. "ನನ್ನ ಮುಂದ ಯಾಕ ಮುಚ್ಚಿಡ್ತೀರಿ? ನಾ ಅದನ್ನೆಲ್ಲ ನೋಡೋ ಮನಷ್ಯ ಅಲ್ಲ."

"ಉಚ್ಚಂಗೆಪ್ಪನ್ನ ಕೇಳ್ರಲ್ಲ, ನಿಮ್ಮ ಮಗ್ಗಲದಾಗ ಅದಾನ."

"ಅವ ಸಸ್ಯಾಹಾರಿ. ಅವನ್ನ ಹೆಂಗ ಕೇಳಾಕ ಬರತೈತಿ?"

ಸೋಮಪ್ಪ ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಮಾಳಮ್ಮ, ನೆಟ್ಟಗೆ ನಿಲ್ಲಲಾರದೆ ನಡುಗುತ್ತಿದ್ದ ಆ ಕೋಲನ್ನೇ ನೋಡುತ್ತ, "ಕುಂದರ್ರಿ, ಅಂಗಳದಾಗ ಮೂರು ಕಲ್ಲು ಹೂಡಿ ಬೇಯಿಸಿ ಕೊಡ್ತೀನಿ" ಎಂದಳು.

ಹಾಗೆ ಶುರುವಾಯಿತು. ಮಾಳಮ್ಮ ಪಕ್ಕೀರಮ್ಮನ ಬುಟ್ಟಿಯಿಂದ ಮೊಟ್ಟೆ ಆರಿಸಿ ಬೇಯಿಸುತ್ತಿದ್ದಳು. ಸೋಮಪ್ಪ ಮನೆಯಲ್ಲಿದ್ದರೆ ಟವೆಲ್ಲಿನಿಂದ ಮೂಗು ಮುಚ್ಚಿ ಬೇವಿನ ಮರದ ಆಚೆ ಹೋಗಿ ಕೂರುತ್ತಿದ್ದ. ಮರುಳಪ್ಪ ಅವರ ಮನೆಯ ನೀರು ಕುಡಿಯುತ್ತಿರಲಿಲ್ಲ, ಎಲೆಯನ್ನೂ ತಾವೇ ತರುತ್ತಿದ್ದರು. ಮೊಟ್ಟೆಯನ್ನು ಮಾತ್ರ ತಿನ್ನಬಹುದಿತ್ತು. ಯಾಕೆಂದರೆ ಅದು ಚಿಪ್ಪಿನೊಳಗಿರುವುದರಿಂದ ಯಾರ ಕೈಯೂ ತಾಗುವುದಿಲ್ಲ, ಸುಲಿಯುವುದು ತಮ್ಮ ಕೈಯೇ. ಇದನ್ನು ಅವರೇ ಮಾಳಮ್ಮನಿಗೆ ವಿವರಿಸಿದರು.

"ಹುಂಜ ಇಲ್ದ ಇಟ್ಟ ತತ್ತಿಯಾಗ ಜೀವ ಇರಂಗಿಲ್ಲಂತ. ಪೇಪರಿನಾಗ ಬಂದಿತ್ತು. ಅದು ಹಾಲು ಇದ್ದಂಗ" ಎಂದರು ಒಂದು ದಿನ.

"ಪಕ್ಕೀರವ್ವನ ಹಿಂಡಿನ್ಯಾಗ ಹುಂಜ ಐತ್ರಿ. ಅಲ್ಲೇ ನಿಂತೈತಿ ನೋಡ್ರಿ" ಎಂದಳು ಮಾಳಮ್ಮ.

ಮರುಳಪ್ಪ ಆ ಹುಂಜವನ್ನು ಬಹಳ ಹೊತ್ತು ನೋಡಿದರು. "ವಯಸ್ಸಾದಂಗ ಕಾಣತೈತಿ" ಎಂದು ಮೊಟ್ಟೆ ಬಾಯಿಗೆ ಹಾಕಿಕೊಂಡರು.

ಮೈಗೆ ರಕ್ತ ಬಂದ ಹಾಗೆ ಔಷಧದ ರುಚಿಯೂ ಹತ್ತಿತು. ಮೊದಲು ಉಪ್ಪು, ಆಮೇಲೆ ಮೆಣಸಿನಪುಡಿ, ಆಮೇಲೆ "ಉಳ್ಳಾಗಡ್ಡಿ ಹೆಚ್ಚಿ ಎಣ್ಣ್ಯಾಗ ಹುರದ್ರ ಲಗೂ ಅರಗತೈತಿ." ಹುರಿದ ಮೊಟ್ಟೆಗೆ ಚಿಪ್ಪು ಇರುವುದಿಲ್ಲ ಎಂಬುದನ್ನು ಅವರೂ ಎತ್ತಲಿಲ್ಲ, ಮಾಳಮ್ಮನೂ ಕೇಳಲಿಲ್ಲ. ಕೋಲು ಹೋಯಿತು, ಕೆನ್ನೆ ತುಂಬಿತು. ಛತ್ರಿ ಮಾತ್ರ ಮೋಡದ ದಿನವೂ ಬಿಚ್ಚಿಕೊಂಡೇ ಬರುತ್ತಿತ್ತು.

ಅದೇ ಹೊತ್ತಿಗೆ ಉಚ್ಚಂಗೆಪ್ಪನಿಗೆ ಹಡಗಲಿಗೆ ವರ್ಗವಾಗಿ ಸಣ್ಣ ಮನೆ ಖಾಲಿಯಾಯಿತು. ಮಾಳಮ್ಮನಿಗೆ ದೂರದ ಬೋರಿನಿಂದ ನೀರು ಹೊತ್ತು ಸಾಕಾಗಿತ್ತು. ಆ ಮನೆಯಲ್ಲಿ ನಲ್ಲಿ ಇದೆಯೆಂದು ಕೇಳಿದ್ದಳು. ಒಂದು ಭಾನುವಾರ ಎಲೆಗೆ ಹುರಿದ ಮೊಟ್ಟೆ ಹಾಕಿ ನೇರವಾಗಿಯೇ ಕೇಳಿದಳು.

"ಮನಿ ಖಾಲಿ ಆಗೇತಂತಲ್ರಿ, ಯಜಮಾನ್ರ."

"ಹೌದು."

"ಇವ್ರಿಗೆ ಆಫೀಸು ಹತ್ರ ಆಗತೈತಿ. ನಮಗ ಕೊಡ್ರಲ್ಲ."

ಮರುಳಪ್ಪ ತುತ್ತು ನುಂಗಿ, ನಿಜವಾದ ಕಳಕಳಿಯಿಂದ ತಲೆಯಾಡಿಸಿದರು. "ನನಗೇನಿಲ್ಲ ತಂಗಿ. ನಿಮ್ಮಂಥ ಒಳ್ಳೆ ಮಂದಿ ಎಲ್ಲಿ ಸಿಗ್ತಾರ? ಮದ್ಲಿನಂಗ ಇದ್ದಿದ್ರ ಓಣ್ಯಾಗಿನ ಹಿರೇರ ಜೊತಿ ಒಂದು ಮಾತು ಆಡಿ ನೋಡ್ತಿದ್ದೆ. ಈಗ ನಿಮ್ಮನಿಯಾಗ ದಿನಾ ತತ್ತಿ ಬೇಯತಾವು ಅಂತ ಊರಿಗೆಲ್ಲ ಗೊತ್ತಾಗೇತಿ. ಯಾವ ಬಾಯಿಲೆ ಕೇಳ್ಲಿ?"

ಬೇವಿನ ಮರದ ಆಚೆಯಿಂದ ಸೋಮಪ್ಪ ಎದ್ದು ಬಂದ. ಮೂಗಿನ ಟವೆಲ್ ತೆಗೆಯುವುದನ್ನೂ ಮರೆತಿದ್ದ. "ಆ ತತ್ತಿ ಯಾರು ತಿಂದ್ರು?" ಎಂದು ಟವೆಲ್ಲಿನೊಳಗಿಂದಲೇ ಕೇಳಿದ.

"ಅದ ಬ್ಯಾರೆ ಮಾತು" ಎಂದರು ಮರುಳಪ್ಪ, ತಾಳ್ಮೆಗೆಡದೆ. "ನನ್ನ ಹೊಟ್ಟಿಗೆ ಹೋಗಿದ್ದು ಔಷಧ. ನಿಮ್ಮ ಒಲಿ ಮ್ಯಾಲೆ ಬೆಂದಿದ್ದು ತತ್ತಿ."

ಸೋಮಪ್ಪ ಸಿಟ್ಟಿನಲ್ಲಿ ಉಸಿರೆಳೆದುಕೊಂಡಾಗ ಟವೆಲ್ಲಿನ ಸಂದಿಯಿಂದ ವಾಸನೆ ಒಳಗೆ ಹೋಗಿ, ಹಿತ್ತಲಿಗೆ ಓಡಬೇಕಾಯಿತು. ಜಗಳವಾಡಲೂ ಬಿಡದ ಹೊಟ್ಟೆಯನ್ನು ಅವನು ಅವತ್ತು ಮೊದಲ ಸಲ ಬೈದುಕೊಂಡ.

ತಿರುಗಿ ಬರುವಷ್ಟರಲ್ಲಿ ಮಾಳಮ್ಮ ಮೂರು ಕಲ್ಲುಗಳನ್ನೂ ಕಿತ್ತು ಬೇಲಿಯ ಬುಡಕ್ಕೆ ಎಸೆದಿದ್ದಳು. "ನಾಳಿಂದ ಇಲ್ಲಿಗೆ ಬರಬ್ಯಾಡ್ರಿ" ಎನ್ನುತ್ತಿದ್ದಳು. "ಔಷಧ ತಪ್ಪಬಾರದು. ನಾನ ಮನಿಗೆ ತಂದು ಕೊಡ್ತೀನಿ."

ಮರುಳಪ್ಪ ಅದನ್ನು ಸಿಟ್ಟಿನ ಮಾತು ಎಂದುಕೊಂಡರು. ಮಾಳಮ್ಮನ ಗಂಡನೂ ಹಾಗೇ ಅಂದುಕೊಂಡ. ಆದರೆ ಮರುದಿನ ಬೆಳಿಗ್ಗೆ ಅವಳು ತಲೆತುಂಬ ಸೆರಗು ಹೊದ್ದು, ಮೊಟ್ಟೆಯ ಬುಟ್ಟಿ ಹಿಡಿದು ಹೊರಟಾಗ ಸೋಮಪ್ಪ ಬೇಡ ಬೇಡವೆನ್ನುತ್ತಲೇ ಬೆನ್ನಿಗೆ ಹೋದ. ಬುಟ್ಟಿಯ ಮೇಲೆ ಅರಿವೆ ಮುಚ್ಚಿರಲಿಲ್ಲ. ಓಣಿಯ ಕಟ್ಟೆಗಳ ಮೇಲೆ ಕೂತಿದ್ದ ಶುದ್ಧ ದರ್ಜೆಯವರೆಲ್ಲ ಬುಟ್ಟಿಯನ್ನೇ ನೋಡಿದರು.

ಮರುಳಪ್ಪನವರ ಹೆಂಡತಿ ನಾಗಲಿಂಗಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಒಳಗೆ ಯಜಮಾನರು ಪೂಜೆಗೆ ಕೂತಿದ್ದರು.

"ಯಜಮಾನ್ರ ಔಷಧ ರಿ, ಅವ್ವಾರ" ಎಂದಳು ಮಾಳಮ್ಮ, ಓಣಿಗೆ ಕೇಳುವಷ್ಟು ಗಟ್ಟಿಯಾಗಿ. "ನಮ್ಮನಿಯಾಗ ತಿಂತಿದ್ರು. ಇನ್ನ ನಮ್ಮಲ್ಲಿ ಬೇಯಿಸಂಗಿಲ್ಲ."

ನಾಗಲಿಂಗಮ್ಮ ಬುಟ್ಟಿಯನ್ನು ನೋಡಿದರು. ಒಳಗಿನ ಗಂಟೆಯ ಸದ್ದು ನಿಂತುಹೋಯಿತು. ಅವರು ಗಂಡನ ಕಡೆ ತಿರುಗಿ ನೋಡದೆ, "ಬಾಳ ದಿನದಿಂದ ಇವ್ರ ತೇಗು ವಾಸನಿ ಹೊಡಿತಿತ್ತು. ಹಲ್ಲು ಕೆಟ್ಟಾವು ಅನ್ಕೊಂಡು ಲವಂಗ ಕೊಡ್ತಿದ್ದೆ" ಎಂದರು. ಒಳಗಿನಿಂದ ಕೆಮ್ಮು ಕೇಳಿತು. ನಾಗಲಿಂಗಮ್ಮ ಮೊರ ಬದಿಗಿಟ್ಟರು. "ಎಷ್ಟೊತ್ತು ಬೇಯಿಸಬೇಕು ಹೇಳು. ನಿಂತ್ಯಾಕ ಹೇಳ್ತಿ, ಕಟ್ಟಿ ಮ್ಯಾಲೆ ಕುಂದ್ರು."

ಮಾಳಮ್ಮ ಕುಳಿತು ಹೇಳಿಕೊಟ್ಟಳು. ಸೋಮಪ್ಪ ಬೀದಿಯಲ್ಲೇ ನಿಂತು ಚಪ್ಪಲಿಯ ಉಂಗುಟ ನೋಡುತ್ತಿದ್ದ.

ನಾಗಲಿಂಗಮ್ಮ ದನದ ಕೊಟ್ಟಿಗೆಯಲ್ಲಿ ಒಲೆ ಹೂಡಿದರು. ಮರುಳಪ್ಪ ಎಮ್ಮೆಗಳ ನಡುವೆ ಮಣೆ ಹಾಕಿಕೊಂಡು ಔಷಧ ತಿನ್ನತೊಡಗಿದರು. ಕೆಲವು ದಿನ ತಲೆ ತಗ್ಗಿಸಿ ಓಡಾಡಿದರು. ಆಮೇಲೆ ಗುಡಿಯ ಕಟ್ಟೆಯ ಮೇಲೆ ಕೂತು, ಡಾಕ್ಟರು ಬರೆದದ್ದು ಆಹಾರವಲ್ಲ, ಆದ್ದರಿಂದ ಅದು ಮಾಂಸಾಹಾರವೂ ಆಗಲಾರದು ಎಂಬ ಹೊಸ ದರ್ಜೆಯೊಂದನ್ನು ಹೊರಗೆ ತಂದರು. ಓಣಿಯವರು ಜಗಳ ತೆಗೆಯುತ್ತಾರೆಂದು ಕಾದಿದ್ದ ಸೋಮಪ್ಪನಿಗೆ ಆಶ್ಚರ್ಯ ಕಾದಿತ್ತು. ಓಣಿಯಲ್ಲಿ ನಿಶ್ಶಕ್ತಿ ಹರಡಿತು. ಚಳಿಗಾಲದ ಹೊತ್ತಿಗೆ ಎಷ್ಟೋ ಕೊಟ್ಟಿಗೆಗಳಿಂದ ಹೊಗೆ ಏಳುತ್ತಿತ್ತು, ಪಕ್ಕೀರಮ್ಮ ಇನ್ನಷ್ಟು ಕೋಳಿ ತಂದಳು. ಖಾಲಿ ಮನೆಗೆ ಹರಪನಹಳ್ಳಿಯ ಕಡೆಯ, ಒಳ್ಳೆಯ ಮನೆತನದ ಯಾರೋ ಬಂದರು.

ಮಾಳಮ್ಮ ಒಲೆಯ ಕಲ್ಲು ಕಿತ್ತೆಸೆದ ಕೆಲವೇ ದಿನಗಳ ಮೇಲೆ ಸೋಮಪ್ಪ ಆಫೀಸಿನಿಂದ ಬಂದವನು ಬೇಲಿಯ ಬುಡದಿಂದ ಅವನ್ನು ಒಂದೊಂದಾಗಿ ಎತ್ತಿ ತಂದು ಅಂಗಳದಲ್ಲಿ ಮತ್ತೆ ಹೂಡಿದ.

"ಯಾರಿಗೆ?" ಎಂದಳು ಮಾಳಮ್ಮ.

"ನಿನಗ. ಊರಿಗೆಲ್ಲ ಹೆಂಗೂ ಗೊತ್ತಾಗೇತಿ. ಸುಮ್ನ ಯಾಕ ಹೆಸರು ಕೆಡಸ್ಕೋಬೇಕು, ತಿಂದಾದ್ರೂ ಕೆಡಸ್ಕೋ."

ಅವಳು ಬೇಡವೆನ್ನಲಿಲ್ಲ. ಉಳ್ಳಾಗಡ್ಡಿ ಹೆಚ್ಚಿ, ಹಸಿಮೆಣಸಿನಕಾಯಿ ಸೀಳಿ, ಪಕ್ಕೀರಮ್ಮ ಕೊಟ್ಟ ಮೊಟ್ಟೆ ಒಡೆದು ಹಾಕಿದಳು. ಸೋಮಪ್ಪ ಮೂಗಿಗೆ ಟವೆಲ್ ಸುತ್ತಿಕೊಂಡು, ಈ ಸಲ ಮರದ ಆಚೆ ಹೋಗದೆ, ಈಚೆಗೇ ಬೆನ್ನು ತಿರುಗಿಸಿ ಕೂತ. ಆಫೀಸಿನ ಸುದ್ದಿ ಹೇಳಿದ. ನಡುವೆ ಒಂದು ಸಲ, ತಿರುಗದೆಯೇ, "ಉಪ್ಪು ಸಾಕೇನ?" ಎಂದು ಕೇಳಿದ. ಮಾಳಮ್ಮನ ಬಾಯಿ ತುಂಬಿತ್ತು. ಅವಳು ಹೂಂಗುಟ್ಟಿದಳು.