ಹೆಲ್ಮೆಟ್ಟಿನೊಳಗಿನ ಸಾಹೇಬ

"ಕೇಳಸಾಕತ್ತದೇನು?"

ಪ್ರಶ್ನೆ ಬಂದದ್ದು ಎದುರಿನಿಂದಲ್ಲ, ಕೈಲಾಸನ ಎರಡೂ ಕಿವಿಗಳ ಒಳಗಿನಿಂದ. ಅವನು ಅಂಗಡಿಯ ನಟ್ಟನಡುವೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. ಗಾಜಿನ ಬಾಗಿಲಿನಾಚೆ, ಸೋಲಾಪುರದ ಬಿಸಿಲಿನಲ್ಲಿ, ಅಂಗಡಿಯ ಮಾಲಿಕ ಉದಯಕುಮಾರ ಮೊಬೈಲ್ ಹಿಡಿದು ನಗುತ್ತಿದ್ದ. ಕೈಲಾಸ ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

"ನಾ ಬಟನ್ ಮುಟ್ಟೇ ಇಲ್ರಿ ಸೇಠ."

"ಮುಟ್ಟೋದಽ ಬ್ಯಾಡೋ ತಮ್ಮಾ." ಉದಯಕುಮಾರ ಒಳಗೆ ಬಂದು ಫ್ಯಾನಿನ ಕೆಳಗೆ ನಿಂತ. "ಐದು ಸೆಕೆಂಡ್ ರಿಂಗ್ ಆತಂದ್ರ ತಾನಽ ಎತ್ಕೋತದ. ನಿಮ್ಮ ಕಂಪನಿ ಕೇಳಿದ್ದು ಇದನ್ನಽ. ಹೆಂಡತಿ ಫೋನನೂ ತಾನಽ ಎತ್ಕೋತದ, ಅದೊಂದಽ ತ್ರಾಸ."

ಗಾಜಿನ ಮೇಲೆ ಎರಡು ಸೆಟ್ಟುಗಳಿದ್ದವು. ಎರಡರ ಸ್ಪೀಕರುಗಳೂ ರಾಜಗಿರಿ ಲಾಡುವನ್ನು ಒತ್ತಿ ಚಪ್ಪಟೆ ಮಾಡಿದಂತೆ ತೆಳ್ಳಗಿದ್ದವು. ಕೆನ್ನೆಯ ದಿಂಬಿನ ಹಿಂದೆ ಅಂಟಿಸಿದರೆ ಇದ್ದದ್ದೇ ತಿಳಿಯುತ್ತಿರಲಿಲ್ಲ. ಎರಡಕ್ಕೂ ತುಟಿಯ ಮುಂದೆ ಮೈಕು, ಮಳೆಗೆ ಕೆಡದ ಮೈ, ದಿನವಿಡೀ ತಾಳುವ ಬ್ಯಾಟರಿ. ವ್ಯತ್ಯಾಸ ಒಂದೇ. ಒಂದು ಕರೆಯನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಇನ್ನೊಂದಕ್ಕೆ ಹೊರಗೆ ಎಂಟಾಣೆಯಷ್ಟು ಅಗಲದ ಗುಂಡಿ. ಒತ್ತಿದರೆ ಮಾತ್ರ ಮಾತು.

ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಾರ್ಸಲ್ ಗೋದಾಮಿನ ಹದಿನಾಲ್ಕು ರೈಡರುಗಳಲ್ಲಿ ಐಟಿಐ ಓದಿದವನು ಕೈಲಾಸನೊಬ್ಬನೇ. ಹಾಗಾಗಿ ಎಲ್ಲರಿಗೂ ಸೆಟ್ ಆರಿಸುವ ಕೆಲಸವನ್ನು ಸುಪರ್ವೈಜರ್ ಅಮೋಲ್ ಅವನ ತಲೆಗೆ ಕಟ್ಟಿದ್ದ. ದುಡ್ಡು ರೈಡರುಗಳದು, ಹುಕುಂ ಕಂಪನಿಯದು. ಸಂಜೆ ಏಳರೊಳಗೆ ಮಾಡೆಲಿನ ಹೆಸರು ಬರೆದು ಫಾರ್ಮಿಗೆ ಎಲ್ಲರ ಪರವಾಗಿ ಸಹಿ ಹಾಕಬೇಕು. ಫಾರ್ಮಿನ ಮೂರನೆಯ ಸಾಲು: ಗಾಡಿ ಓಡುತ್ತಿರುವಾಗ ಕರೆ ತಾನಾಗಿ ಸ್ವೀಕಾರವಾಗುತ್ತದೆಯೇ? ಹೌದು, ಇಲ್ಲ.

"ಮೊದ್ಲನೇದ ಹಾಕ್ಕೊಂಡ ಇವತ್ತೊಂದ ದಿನಾ ತಿರಗಿ ನೋಡು," ಎಂದ ಉದಯಕುಮಾರ. "ಸಂಜೀಗಿ ಹೇಳು. ಹದಿನಾಲ್ಕೂ ಕಟ್ಟಿ ಇಡತೀನಿ."

ಕುಂಭಾರಿ ದಾಟುವವರೆಗೆ ಅದು ಸುಮ್ಮನಿತ್ತು. ಗಾಳಿಯ ಸದ್ದಿಗೆ ಏನೂ ಕೇಳಿಸಲಿಕ್ಕಿಲ್ಲವೆಂದು ಕೈಲಾಸ ದನಿಯನ್ನು ಪೂರ್ತಿ ಏರಿಸಿದ್ದ. ಅಕ್ಕಲಕೋಟ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆದುಕೊಂಡು ಅರ್ಧ ರಸ್ತೆ ನುಂಗಿ ಹೋಗುತ್ತಿತ್ತು. ಎದುರಿಗೆ ಎಸ್‌ಟಿ ಬಸ್ಸು ದೂರವಿದೆ ಎಂದು ಅಂದಾಜು ಮಾಡಿ ಅವನು ಬಲಕ್ಕೆ ಎಳೆದ. ಎರಡನೆಯ ಟ್ರಾಲಿಯ ಸಮಕ್ಕೆ ಬಂದಿದ್ದನಷ್ಟೆ.

"ಕೈಲಾಸ! ಕುಠೆ ಆಹೇಸ್?"

ಎಲ್ಲಿದ್ದೀಯ ಎಂದು ಅಮೋಲ್ ತಲೆಬುರುಡೆಯ ಒಳಗೇ ಕೂತು ಕೂಗಿದ. ಬೆಚ್ಚಿಬಿದ್ದ ಕೈಲಾಸನ ಗಾಡಿ ಟ್ರಾಲಿಯ ಕಡೆ ವಾಲಿತು. ಹೊರಚಾಚಿದ ಕಬ್ಬಿನ ಗರಿಗಳು ಹೆಲ್ಮೆಟ್ಟಿನ ವೈಜರನ್ನು ಸರ್ರನೆ ಕೆರೆದವು. ಬಸ್ಸಿನ ಹಾರ್ನು, ಅಮೋಲನ ದನಿ, ತನ್ನದೇ ಉಸಿರು, ಮೂರೂ ಒಂದಾಗಿ ಕಿವಿಗೆ ಹೊಡೆದವು. ಹೇಗೆ ಪಾರಾದೆ ಎಂಬುದು ಅವನಿಗೆ ಆಮೇಲೂ ತಿಳಿಯಲಿಲ್ಲ. "ವಳಸಂಗ್ ಹತ್ರ ಇದ್ದೀನಿ ಸಾಹೇಬ್," ಎಂದು ಬಾಯಿ ಮಾತ್ರ ತಾನಾಗಿ ಹೇಳಿತ್ತು.

ಕಿಸೆಯಲ್ಲಿ ಹೊಡೆದುಕೊಳ್ಳುವ ಫೋನು ಹೊರಗಿನದು. ಹೊಡೆದುಕೊಳ್ಳಲಿ ಎಂದು ಬಿಡಬಹುದಿತ್ತು, ಬೇವಿನ ಮರ ಸಿಕ್ಕ ಮೇಲೆ ನೋಡಬಹುದಿತ್ತು. ಈಗ ಸಾಹೇಬ ಬಾಗಿಲು ಬಡಿಯದೆ ಒಳಗೆ ಬಂದು ಕೂರುತ್ತಾನೆ. ಆಮೇಲೆ ಅಕ್ಕಲಕೋಟದ ಗಲ್ಲಿಗಳಲ್ಲಿ ಪಾರ್ಸಲ್ ಹಂಚುವಷ್ಟರಲ್ಲಿ ಅವನು ಇನ್ನೂ ಏಳು ಸಲ ಬಂದ. ಪ್ರತಿ ಸಲವೂ ಕೈಲಾಸನ ಭುಜ ಕಿವಿಗೆ ಏರಿತು. ಫೋನು ಬರದಿದ್ದಾಗಲೂ ಬಂತೇನೋ ಎಂದು ಏರಿತು.

ವಾಪಸು ಬರುವಾಗ ಹೋಟಗಿಯ ಕಡೆ ತಿರುಗಿದ. ಅಲ್ಲಿ ಎರಡು ಪಾರ್ಸಲ್ ಇದ್ದವು. ಅಲ್ಲಿ ಪಪ್ಪುವೂ ಇದ್ದ.

ಮೂರು ತಿಂಗಳ ಹಿಂದಿನವರೆಗೆ ಅಕ್ಕಲಕೋಟ ರೂಟು ಪಪ್ಪುವಿನದು. ಎಲ್ಲ ರೈಡರುಗಳಂತೆ ಅವನೂ ಫೋನನ್ನು ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ತುರುಕಿಕೊಂಡು ಮಾತಾಡುತ್ತಿದ್ದ. ಆ ದಿನ ಒಂದೇ ಪಾರ್ಸಲ್ಲಿಗೆ ಅಮೋಲ್ ನಾಲ್ಕು ಸಲ ಫೋನು ಮಾಡಿದ್ದ. ನಾಲ್ಕನೆಯದನ್ನು ಎತ್ತಿ ತುರುಕಿಕೊಳ್ಳುವಾಗ ಗಾಡಿ ಮೋರಿಗೆ ಬಡಿಯಿತು. ದವಡೆ ಮುರಿಯಿತು, ಎಡಗಿವಿ ಹೋಯಿತು. ರೈಡರನ ನಿಷ್ಕಾಳಜಿ ಎಂದು ಕಂಪನಿ ವರದಿ ಬರೆದು, ಇನ್ನು ಎಲ್ಲರಿಗೂ ಹೆಲ್ಮೆಟ್ ಸೆಟ್ ಎಂದಿತು. ವರದಿಯಲ್ಲಿ ಬಿದ್ದವನಿದ್ದ, ಮೋರಿಯಿತ್ತು, ಫೋನೂ ಇತ್ತು. ಫೋನು ಮಾಡಿದವನು ಇರಲಿಲ್ಲ.

"ಬಲಕ್ಕ ಕುಂದ್ರಲೇ," ಎಂದ ಪಪ್ಪು. "ಎಡಕ್ಕ ಕುಂತು ಮಾತಾಡಿದ್ರ ಗ್ವಾಡಿಗಿ ಮಾತಾಡಿದಂಗ."

ನೀಲಿ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಹೊರಸು. ಕೈಲಾಸ ಹೆಲ್ಮೆಟ್ ಕಳಚಿ ಹೊರಸಿನ ಮೇಲೆ ಅಂಗಾತ ಇಟ್ಟು, ಎರಡು ಸೆಟ್ಟುಗಳ ವಿಷಯ ಹೇಳಿದ. ಪಪ್ಪು ವಕ್ರವಾಗಿ ಕೂಡಿದ ದವಡೆಯಲ್ಲೇ ನಕ್ಕ.

"ನನಗೊಂದಽ ಸ್ಪೀಕರಿಂದು ತಾ. ಅರ್ಧಾ ರೇಟಿಗಿ ಕೊಡತಾನ ಸೇಠ."

"ಚೇಷ್ಟಾ ಮಾಡಬ್ಯಾಡಲೇ. ಯಾವುದು ಬರೀಲಿ ಹೇಳು."

"ಅಮೋಲ್ ಸಾಹೇಬಗ ಬೇಕಾದ್ದಽ ಬರಿ. ಇಲ್ಲಂದ್ರ ನಿನ್ನ ರೂಟ್ ಕಸಗೋತಾನ. ಗೋದಾಮಿನ್ಯಾಗ ಡಬ್ಬಿ ಹೊರಾಕ ಹಚ್ಚತಾನ. ನಿನ್ನ ಪೋರಿ ಸಾಲಿಗಿ ಹೊಂಟಾಳ, ನೆನಪಿರಲಿ."

ಪಪ್ಪುವಿನ ತಾಯಿ ಮಲಕಮ್ಮ ಚಹಾ ತಂದಳು. "ಕೈಲಾಸಾ, ಬಿಸಿ ಅದ, ಕುಡಿ ಮಗನಾ," ಎಂದು ಬಟ್ಟಲು ಚಾಚಿದಳು. ಆಗಲೇ ಹೊರಸಿನ ಮೇಲಿನ ಹೆಲ್ಮೆಟ್ಟು ಮಾತಾಡಿತು.

"ಕೈಲಾಸ! ಹನ್ನೊಂದು ಮಿನಿಟ್ ಆತು, ಸ್ಕ್ರೀನ್ ಮ್ಯಾಲ ನಿನ್ನ ಚುಕ್ಕಿ ಹೋಟಗೀದಾಗ ನಿಂತದ. ಪಾರ್ಸಲ್ ಕುಠೆ ಆಹೆ?"

ಸೆಟ್ಟು ಬಂದ್ ಮಾಡುವುದನ್ನು ಅವನು ಮರೆತಿದ್ದ. ರಸ್ತೆಗೆಂದು ಏರಿಸಿದ ದನಿ ಮನೆಯ ಮಾಡಿನ ತಗಡುಗಳನ್ನು ತಲುಪುವಷ್ಟಿತ್ತು. ಕೈಲಾಸ ಧಾವಿಸಿ ಎತ್ತಿಕೊಳ್ಳುವ ಮೊದಲೇ ಮಲಕಮ್ಮ ಬಟ್ಟಲು ಕೆಳಗಿಟ್ಟು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಮುಖದ ಬಣ್ಣವೇ ಬದಲಾಗಿತ್ತು.

"ಈ ದನಿ ನನಗ ಗೊತ್ತದ."

"ಮೌಶಿ, ಕೊಡು ಇಲ್ಲಿ..."

"ಸುಮ್ಮ ಕುಂದ್ರು ನೀ." ಅವಳು ಬಾವಿಗೆ ಬಗ್ಗಿದಂತೆ ಹೆಲ್ಮೆಟ್ಟಿನೊಳಗೆ ಬಗ್ಗಿದಳು. "ಏ ಸಾಹೇಬಾ, ಕೇಳಸಾಕತ್ತದೇನು? ನಾ ಪಪ್ಪುನ ತಾಯಿ. ದವಾಖಾನ್ಯಾಗ ನನ್ನ ಮಗನ ಮೈಮ್ಯಾಗಿನ ಅರಬಿ, ಚಪ್ಪಲಿ, ಫೋನು, ಎಲ್ಲಾ ಒಂದ ಕ್ಯಾರಿಬ್ಯಾಗಿನ್ಯಾಗ ಹಾಕಿ ನನ್ನ ಕೈಯಾಗ ಕೊಟ್ಟಿದ್ರು. ರಕ್ತ ಸೋರಾಕತ್ತಿತ್ತು. ಅದರಾಗಽ ಫೋನ್ ಹೊಡ್ಕೊಂಡ್ತು. ಯಾರರೆ ಹುಡುಗನ ಸುದ್ದಿ ಕೇಳಾಕತ್ತಾರ ಅಂತ ನಾನಽ ಎತ್ತಿದ್ನಿ. ನೀ ಏನ ಕೇಳಿದಿ? ಇದಽ ಕೇಳಿದಿ. ಪಾರ್ಸಲ್ ಕುಠೆ ಆಹೆ. ಹುಡುಗ ಎಲ್ಲಿ ಅಂದೇನು? ಬದುಕ್ಯಾನೋ ಸತ್ತಾನೋ ಅಂದೇನು?"

ಹೆಲ್ಮೆಟ್ಟಿನೊಳಗೆ ಗೋದಾಮಿನ ಸದ್ದು ಕೇಳುತ್ತಿತ್ತು. ಯಾರೋ ಡಬ್ಬಿ ಎಳೆಯುತ್ತಿದ್ದರು. ಆಮೇಲೆ ಅದೂ ನಿಂತಿತು.

"ಫೋನ್ ಇಟ್ಟ," ಎಂದಳು ಮಲಕಮ್ಮ. ಹೆಲ್ಮೆಟ್ಟನ್ನು ಕೈಲಾಸನ ಮಡಿಲಿಗೆ ಹಾಕಿದಳು. ಮಗನ ಕಡೆ ನೋಡದೆ ಚಹಾದ ಬಟ್ಟಲನ್ನು ಮತ್ತೆ ಎತ್ತಿ ಕೊಟ್ಟಳು. ಅದು ಆರಿತ್ತು. ಮಾತೆಲ್ಲ ಬಲಗಿವಿಯ ಕಡೆಯೇ ನಡೆದಿದ್ದರೂ ಪಪ್ಪು ಏನೂ ಕೇಳಿಸದವನಂತೆ ಬಾಗಿಲ ಕಡೆ ನೋಡುತ್ತಿದ್ದ.

ಸೋಲಾಪುರಕ್ಕೆ ಬರುವಷ್ಟರಲ್ಲಿ ಅಮೋಲನ ಮೆಸೇಜು ಬಂದಿತ್ತು. ಆಟೋ ಮಾಡೆಲೇ ಬರೆಯಬೇಕು, ಇಲ್ಲದಿದ್ದರೆ ನಾಳೆಯಿಂದ ರೂಟು ಬದಲು.

ಅಂಗಡಿಯಲ್ಲಿ ಕೈಲಾಸ ದಿಂಬಿನ ಹಿಂದಿನ ಸ್ಪೀಕರುಗಳನ್ನು ಕಿತ್ತು ಗಾಜಿನ ಮೇಲಿಟ್ಟ. ಎರಡನೆಯ ಡಬ್ಬಿಯನ್ನು ಮುಂದೆ ಸರಿಸಿದ.

"ಇದು ಹದಿನಾಲ್ಕು ಕೊಡ್ರಿ."

ಉದಯಕುಮಾರ ಕನ್ನಡಕದ ಮೇಲಿಂದ ನೋಡಿದ. "ಗುಂಡೀದು? ನಿಮ್ಮ ಸಾಹೇಬ ಒಪ್ಪತಾನೇನು? ನಾ ವಾಪಸ್ ತಗೊಳ್ಳಂಗಿಲ್ಲ ನೋಡು ತಮ್ಮಾ."

"ತರಂಗಿಲ್ರಿ."

"ಪೆನ್ನು ಬೇಕೇನು?"

"ಹೂಂರಿ." ಕೈಲಾಸ ಫಾರ್ಮನ್ನು ಗಾಜಿನ ಮೇಲೆ ಹರಡಿ ಮೂರನೆಯ ಸಾಲಿನ ಮುಂದೆ, ಇಲ್ಲ ಎಂಬುದಕ್ಕೆ, 'ನಾಹಿ' ಎಂದು ಮರಾಠಿಯಲ್ಲಿ ಬರೆದ. ಸಹಿ ಹಾಕಿ, ಫೋಟೋ ಹೊಡೆದು, ಕಂಪನಿಯ ಪುಣೆ ಆಫೀಸಿಗೂ ಅಮೋಲನಿಗೂ ಒಟ್ಟಿಗೇ ಕಳಿಸಿದ. ನಂತರ ರೈಡರುಗಳ ಗ್ರೂಪಿನಲ್ಲಿ ಬಾಯಿಂದಲೇ ಹೇಳಿದ.

"ಫೋನ್ ಬಂದ್ರ ಗಾಡಿ ಬಾಜೂಕ ಹಚ್ರಿ. ಕಾಲು ನೆಲಕ್ಕ ಊರ್ರಿ. ಆಮ್ಯಾಲ ಗುಂಡಿ ಒತ್ರಿ. ನಾ ಇಷ್ಟಽ ಹೇಳಾಂವ."

ಬೀರಣ್ಣ ಒಂದು ಹೆಬ್ಬೆಟ್ಟು ಕಳಿಸಿದ. ಗುರುಶಾಂತ, "ನೀ ಯಾವಾಗ ಲೀಡರ್ ಆದ್ಯೋ? ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಕ?" ಎಂದು ಕೇಳಿದ.

ಪುಣೆಯವರಿಗೆ ಬೇಕಾದದ್ದು ಹದಿನಾಲ್ಕು ಹೆಲ್ಮೆಟ್ಟುಗಳ ಫೋಟೋ ಮಾತ್ರ. ಮೂರನೆಯ ಸಾಲನ್ನು ಅಲ್ಲಿ ಯಾರೂ ಓದಿದಂತೆ ಕಾಣಲಿಲ್ಲ. ಅಮೋಲ್ ಓದಿದ್ದ. ಮರುದಿನದಿಂದ ಅಕ್ಕಲಕೋಟ ರೂಟು ಬೀರಣ್ಣನಿಗೆ ಹೋಯಿತು. ಕೈಲಾಸ ಗೋದಾಮಿನಲ್ಲಿ ಡಬ್ಬಿ ಹೊತ್ತ. ಗುಂಡಿಯಿರುವ ಅವನ ಹೆಲ್ಮೆಟ್ಟು ಗೇಟಿನ ಹತ್ತಿರ ಮೊಳೆಗೆ ನೇತಾಡುತ್ತಿತ್ತು.

ಐದನೆಯ ದಿನ ಮಧ್ಯಾಹ್ನ ಅವನು ಭುಜದ ಮೇಲೆ ಫ್ಯಾನಿನ ಡಬ್ಬಿ ಇಟ್ಟುಕೊಂಡು ಅಮೋಲನ ಕೋಣೆಯ ಮುಂದೆ ಹಾದುಹೋಗುತ್ತಿದ್ದ. ಒಳಗೆ ಗೋಡೆಯ ತುಂಬ ಪರದೆ. ಪರದೆಯ ಮೇಲೆ ಜಿಲ್ಲೆಯ ರಸ್ತೆಗಳು, ರಸ್ತೆಗಳ ಮೇಲೆ ಹಸಿರು ಚುಕ್ಕೆಗಳು ಇರುವೆಗಳಂತೆ ಸರಿಯುತ್ತಿದ್ದವು. ಅಮೋಲ್ ಯಾರಿಗೋ ಫೋನು ಹಚ್ಚಿ ಮೇಜು ಕುಟ್ಟುತ್ತಿದ್ದ. "ಉಚಲ್ ರೇ, ಎತ್ತೋ ಮಾರಾಯಾ..."

ಕೈಲಾಸ ನಿಂತ. ಡಬ್ಬಿ ಭುಜವನ್ನು ಕೊರೆಯುತ್ತಿತ್ತು. ಭಂಡಾರಕವಠೆ ರೂಟಿನ ಚುಕ್ಕೆ ಸರಿಯುತ್ತಲೇ ಇತ್ತು. ಚಿಂಚೋಳಿಯ ಹತ್ತಿರದ ಎರಡೂ ಸರಿಯುತ್ತಿದ್ದವು. ಅಕ್ಕಲಕೋಟ ರಸ್ತೆಯಲ್ಲಿ ಬೀರಣ್ಣನದು, ವಳಸಂಗ ದಾಟಿ, ಮೆಲ್ಲಗಾಯಿತು. ಇನ್ನೂ ಸ್ವಲ್ಪ ಮುಂದೆ ಹೋಗಿ, ರಸ್ತೆಯ ಗೆರೆಯಿಂದ ಕೂದಲಿನಷ್ಟು ಪಕ್ಕಕ್ಕೆ ಸರಿದು, ನಿಂತಿತು.