ನಾಲ್ಕನೇ ಪದ

ಪರೀಕ್ಷೆ ಬರೆಯುವ ಮಕ್ಕಳ ಬಗ್ಗೆ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಪ್ರಶ್ನೆ ಬರೆಯುವವರ ಪಾಡು ಯಾರಿಗೂ ಬೇಕಿಲ್ಲ. ಅಂಥ ಒಂದು ದೊಡ್ಡ ಪರೀಕ್ಷೆಗೆ ಪ್ರಶ್ನೆ ತೆಗೆಯುವವರನ್ನು ವರ್ಷಕ್ಕೊಮ್ಮೆ ಊರಾಚೆಯ ಹಳೇ ಹಾಸ್ಟೆಲ್ಲಿಗೆ ತುಂಬಿ, ಫೋನು ಕಿತ್ತುಕೊಂಡು, ಗೇಟಿಗೆ ಬೀಗ ಜಡಿಯುತ್ತಿದ್ದರು. ಪರೀಕ್ಷೆಯ ಮೊದಲ ಗಂಟೆ ಹೊಡೆಯುವವರೆಗೆ ಒಳಗಿನ ಮಾತು ಹೊರಗೆ ಹೋಗುವಂತಿಲ್ಲ, ಹೊರಗಿನ ಸುದ್ದಿ ಒಳಗೆ ಬರುವಂತಿಲ್ಲ. ನಡುವೆ ಒಬ್ಬರು ಎದ್ದು ಹೋದರೂ ಬರೆದದ್ದೆಲ್ಲ ರದ್ದು, ಉಳಿದವರು ಮೊದಲಿಂದ ಕೂತು ಬರೆಯಬೇಕು. ಜೈಲಿನಲ್ಲಿರುವ ಕಳ್ಳನನ್ನಾದರೂ ಮನೆಯವರು ಆಗಾಗ ನೋಡಿಕೊಂಡು ಹೋಗಬಹುದು. ಮೇಷ್ಟ್ರುಗಳಿಗೆ ಆ ಭಾಗ್ಯವೂ ಇಲ್ಲ.

ಆ ಮೇಷ್ಟ್ರುಗಳಲ್ಲಿ ಒಬ್ಬಳನ್ನು ಎಲ್ಲರೂ ಪದದ ಮೇಡಂ ಅನ್ನುತ್ತಿದ್ದರು. ಪದಸಂಬಂಧದ ಪ್ರಶ್ನೆಗಳು ಅವಳ ಪಾಲು. ಮೊದಲ ಎರಡು ಪದಗಳಿಗೆ ಏನು ನಂಟೋ ಮೂರು ಮತ್ತು ನಾಲ್ಕನೆಯದಕ್ಕೂ ಅದೇ ನಂಟು ಇರಬೇಕು. ಮೂರು ಕೊಟ್ಟಿರುತ್ತಾರೆ, ನಾಲ್ಕನೆಯದನ್ನು ಹುಡುಕಬೇಕು. ಪದವನ್ನು ಬಿಚ್ಚಿ ನೋಡಬೇಕು, ಮುಂದೆ ಅಂಟಿದ್ದೇನು, ಹಿಂದೆ ಅಂಟಿದ್ದೇನು, ನಡುವೆ ಬೇರು ಯಾವುದು ಅಂತ. ಸರಿಯುತ್ತರ ಬರೆಯುವುದು ಯಾರಿಗಾದರೂ ಬರುತ್ತದೆ. ಅವಳ ಕೈಚಳಕ ಇದ್ದದ್ದು ತಪ್ಪುತ್ತರದಲ್ಲಿ. ಬೇಟೆಗೆ ಬೇಟೆಗಾರನಾದರೆ ಹಾಡಿಗೆ ಯಾರು? ಹಾಡುಗಾರ. ಆದರೆ ಅವಳು ಪಕ್ಕದಲ್ಲೇ 'ಗಾಯಕ'ನನ್ನು ಕೂರಿಸಿಬಿಡುವಳು. ಅರ್ಥ ಒಂದೇ, ಕಟ್ಟಿದ ರೀತಿ ಬೇರೆ. ಅವಸರದ ಹುಡುಗರು ಸಾಲಾಗಿ ಹೋಗಿ ಅಲ್ಲೇ ಬೀಳುತ್ತಿದ್ದರು.

"ನೀವು ಮಹಾ ಕೆಟ್ಟವರು ಮೇಡಂ," ಅಂತ ಲೆಕ್ಕದ ಮೇಷ್ಟ್ರು ರೇಗಿಸುತ್ತಿದ್ದರು.

"ನಾನೇನೂ ಬೀಳಿಸಲ್ಲಪ್ಪ. ನೋಡೋದಕ್ಕೆ ಸರಿಯಾಗಿ ಕಂಡಿದ್ದನ್ನೇ ಸರಿ ಅಂದ್ಕೋತಾರೆ, ಅದಕ್ಕೆ ನಾನೇನು ಮಾಡ್ಲಿ?"

ಮನೆಯಲ್ಲಿದ್ದದ್ದು ಅಮ್ಮ ಮತ್ತು ತಮ್ಮ, ಇಬ್ಬರೇ. ಅಮ್ಮನ ಹೃದಯ ಸೋತಿತ್ತು. ಯಾವಾಗ ಬೇಕಾದರೂ ನಿಲ್ಲಬಹುದು, ಮನಸ್ಸು ಗಟ್ಟಿ ಮಾಡಿಕೊಂಡಿರಿ ಅಂತ ಡಾಕ್ಟರು ಹೇಳಿಯೇ ಬಿಟ್ಟಿದ್ದರು. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಅಪ್ಪ ಹೋದ ಮೇಲೆ ಅವಳೇ ಎತ್ತಿ ಆಡಿಸಿ, ಬೈದು, ಓದಿಸಿ ದೊಡ್ಡವನನ್ನಾಗಿ ಮಾಡಿದ ಹುಡುಗ. ಈಗ ಅಮ್ಮನ ಮಾತ್ರೆ, ಆಸ್ಪತ್ರೆ, ಪೇಟೆ ಎಲ್ಲಕ್ಕೂ ಅವನೇ. ಅವನು ಜೊತೆಗಿಲ್ಲದೆ ಅಮ್ಮ ಬೀದಿಯ ತಿರುವನ್ನೂ ದಾಟಿದವಳಲ್ಲ. ಬೈಕಿನಲ್ಲಿ ತಂದು ಗೇಟಿನ ಮುಂದೆ ಬಿಟ್ಟವನು, "ಅಕ್ಕಾ, ನಿನ್ನ ಒಳಗೆ ಹಾಕಿದ್ರೆ ಮನೇಲಿ ನಮಗೊಂದಿಷ್ಟು ಉಸಿರು," ಅಂತ ಹಲ್ಲು ಕಿರಿದಿದ್ದ. ಅವಳು ಬೆನ್ನಿಗೊಂದು ಗುದ್ದಿ ಒಳಗೆ ಹೋಗಿದ್ದಳು.

ಎಡವಟ್ಟು ಶುರುವಾದದ್ದು ಒಂದು ಮೊಟ್ಟೆಯಿಂದ.

ಅಡುಗೆಯಾಕೆ ಜಿಪುಣತನಕ್ಕೆ ಹೆಸರಾದವಳು. ಸಾರಿನಲ್ಲಿ ತರಕಾರಿ ಹುಡುಕಲು ದೀಪ ಹಿಡಿಯಬೇಕಿತ್ತು. ಅಂಥವಳು ಒಂದು ಮಧ್ಯಾಹ್ನ ಮೇಡಂ ತಟ್ಟೆಗೆ ಕೇಳದೆಯೇ ಎರಡನೇ ಮೊಟ್ಟೆ ಹಾಕಿ, "ತಿನ್ನಿ, ಸೊರಗಿದೀರ," ಅಂದಳು. ಅಂದವಳು ಮುಖ ನೋಡದೆ ಒಳಗೆ ಹೋದಳು.

ಆಮೇಲೆ ತಂಡದ ಮುಖ್ಯಸ್ಥರ ಸರದಿ. ಒಳಗಿನವರಲ್ಲಿ ಫೋನು ಇದ್ದದ್ದು ಅವರೊಬ್ಬರ ಹತ್ತಿರ, ಗೇಟಿನ ಪಕ್ಕದ ಕೋಣೆಯಲ್ಲಿ. ಮನುಷ್ಯ ಅಲ್ಪವಿರಾಮಕ್ಕೂ ಜಗಳ ತೆಗೆಯುವಂಥವರು. ಅವತ್ತು ಅವಳ ಹಾಳೆಗಳನ್ನು ತಿರುವುತ್ತಾ ಒಂದು ಕಡೆ ನಿಂತರು. ಆಸೆಗೆ ನಿರಾಸೆಯಾದರೆ ಆಧಾರಕ್ಕೆ ಏನು? ಉತ್ತರ ನಿರಾಧಾರ. ಪಕ್ಕದಲ್ಲಿ ಹಾದಿ ತಪ್ಪಿಸಲು 'ಅನಾಥ'.

"ಇದೊಂದು ಬೇಡ ಬಿಡಿ ಮೇಡಂ."

"ಯಾಕೆ ಸಾರ್, ತಪ್ಪಿದ್ಯಾ?"

"ತಪ್ಪೇನಿಲ್ಲ. ಸುಮ್ನೆ... ಬೇರೆ ಯಾವುದಾದ್ರೂ ಹಾಕೋಣ. ನೀವು ಸ್ವಲ್ಪ ಮಲಗಿ, ಉಳಿದಿದ್ದನ್ನ ನಾನು ನೋಡ್ತೀನಿ."

ಅಷ್ಟು ಮೆತ್ತಗೆ ಅವರು ಹೆಂಡತಿಯ ಹತ್ತಿರವೂ ಮಾತಾಡಿರಲಿಕ್ಕಿಲ್ಲ. ಅವಳು ಹಾಳೆಗಳನ್ನು ಅಲ್ಲೇ ಬಿಟ್ಟು ತನ್ನ ಕೋಣೆಗೆ ಓಡಿದಳು.

ಏಕೆಂದರೆ ಈ ಮೆತ್ತಗಿನ ದನಿಯನ್ನು ಅವಳು ಬಲ್ಲಳು. ಹೋದ ವರ್ಷ ಲೆಕ್ಕದ ಮೇಷ್ಟ್ರ ಅಪ್ಪ ತೀರಿಹೋದಾಗ ಮುಖ್ಯಸ್ಥರು ಒಬ್ಬೊಬ್ಬರನ್ನೇ ಕರೆದು ಕಿವಿಯಲ್ಲಿ ಹೇಳಿದ್ದರು, ಮೇಷ್ಟ್ರೊಬ್ಬರನ್ನು ಬಿಟ್ಟು. ಆಗ ಇಡೀ ಹಾಸ್ಟೆಲ್ ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿತು. ಅಡುಗೆಯಾಕೆ ಎರಡನೇ ಮೊಟ್ಟೆ ಹಾಕಿದಳು. ಪದದ ಮೇಡಂ ಅವರ ಅಂಗಿ ಒಗೆದು ಒಣಹಾಕಿದಳು, ಹಳಸಲು ಜೋಕಿಗೆ ನಕ್ಕಳು. ಸುದ್ದಿ ಅವರಿಗೆ ತಿಳಿದದ್ದು ಗೇಟು ತೆರೆದ ಮೇಲೆಯೇ.

ಅವಳು ಮಂಚದ ಮೇಲೆ ಕೂತು, ಬೇಡ ಬೇಡವೆಂದರೂ, ತನ್ನ ಕಸುಬಿನಂತೆಯೇ ಜೋಡಿಸಿ ನೋಡಿದಳು. ಆಗ ಮೇಷ್ಟ್ರು, ಅವರ ಅಪ್ಪ. ಈಗ ತಾನು, ಮತ್ತೆ? ನಾಲ್ಕನೇ ಜಾಗ ತುಂಬಲು ಕಷ್ಟವೇನಿರಲಿಲ್ಲ. ಮೇಷ್ಟ್ರ ಅಪ್ಪ ಕಾಯಿಲೆಯ ಮುದುಕರು, ತನ್ನಮ್ಮನೂ ಹಾಗೇ. 'ಅನಾಥ' ಎಂಬ ಪದ ಕಂಡು ಮುಖ್ಯಸ್ಥರು ಬೆಚ್ಚಿದ್ದು ಇದಕ್ಕೇ ತಾನೆ? ಅವಳು ತಲೆದಿಂಬು ಬಾಯಿಗೊತ್ತಿಕೊಂಡು ದನಿ ಹೊರಡದಂತೆ ಅತ್ತಳು.

ಅಳು ನಿಂತ ಮೇಲೆ ಒಂದು ಯೋಚನೆ ಬಂತು, ಹೇಳಲು ನಾಚಿಕೆಯಾಗುವಂಥದ್ದು. ಸದ್ಯ, ತಮ್ಮನಲ್ಲವಲ್ಲ. ಹೋಗಬೇಕಾದವರೇ ಹೋದರು, ಜೊತೆಗೆ ಅವನಿದ್ದ, ಕೊನೇ ಗುಟುಕು ನೀರು ಅವನೇ ಕೊಟ್ಟಿರುತ್ತಾನೆ. ಇಂಥ ಹೊತ್ತಿನಲ್ಲಿ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಆ ಯೋಚನೆಯನ್ನೇ ಹಿಡಿದುಕೊಂಡು ಎದ್ದು ಮುಖ ತೊಳೆದಳು.

ಮರುದಿನ ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಲೆಕ್ಕದ ಮೇಷ್ಟ್ರು ಬಂದು ನಿಂತರು. ಬಂದವರು ಕ್ಲಿಪ್ಪೊಂದನ್ನು ತೆಗೆಯುವುದು, ಹಾಕುವುದು ಮಾಡಿದರು.

"ಮೇಡಂ, ಹೋದ ವರ್ಷ ನನಗೆ ಯಾರೂ ಹೇಳ್ಲಿಲ್ಲ. ಅದು ಈಗ್ಲೂ ಚುಚ್ಚುತ್ತೆ. ಅದಕ್ಕೆ ನಿಮಗೆ..."

"ಬೇಡ ಮೇಷ್ಟ್ರೇ. ನನಗೆ ಗೊತ್ತಾಗಿದೆ."

"ಗೊತ್ತಾ? ಯಾರು ಹೇಳಿದ್ರು?"

"ನೀವೆಲ್ಲ ಸೇರಿ ಹೇಳಿದ್ರಲ್ಲ, ಮೊಟ್ಟೆ ಹಾಕಿ, ಪ್ರಶ್ನೆ ತೆಗೆದು. ಈ ಕೆಲಸ ನಾನೂ ಮಾಡಿದವಳೇ."

ಮೇಷ್ಟ್ರು ತಲೆ ತಗ್ಗಿಸಿದರು. "ಆದ್ರೂ ಯಾರು ಅಂತ ನಾನು ಬಾಯಿಬಿಟ್ಟು..."

"ದಯವಿಟ್ಟು ಹೇಳ್ಬೇಡಿ! ಬಾಯಿಂದ ಬಂತೋ, ನಾನು ಗೇಟು ಹಾರಿ ಓಡ್ತೀನಿ. ಆಮೇಲೆ ನೀವೆಲ್ಲ ಮತ್ತೆ ಮೊದಲಿಂದ ಕೊಳೀಬೇಕು. ಹೇಳದೆ ಇದ್ರೆ ಹೇಗೋ ತಡ್ಕೋತೀನಿ." ಅವಳು ಒದ್ದೆ ಟವೆಲನ್ನು ಹಿಂಡಿದ್ದನ್ನೇ ಹಿಂಡಿದಳು. "ಒಂದೇ ಒಂದು ಹೇಳಿ. ನರಳಾಟ ಇರ್ಲಿಲ್ಲ ತಾನೆ?"

"ಇಲ್ಲ ಮೇಡಂ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗಿಹೋಯ್ತಂತೆ."

ಹೃದಯ ನಿಂತರೆ ಹಾಗೇ. ಡಾಕ್ಟರು ಹೇಳಿದ್ದೂ ಅದನ್ನೇ. ಅವಳು ಹೌದೆಂಬಂತೆ ತಲೆಯಾಡಿಸಿದಳು. ಮೇಷ್ಟ್ರು ಅವಳನ್ನೇ ನೋಡುತ್ತಾ, "ನೀವು ಇಷ್ಟು ಗಟ್ಟಿ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಅಂದರು. ಅವರ ಕಣ್ಣಲ್ಲಿ ಮೆಚ್ಚುಗೆಗಿಂತ ಹೆಚ್ಚಾಗಿ ಗಾಬರಿಯಿತ್ತು. ಅದೇಕೆಂದು ಅವಳು ಕೇಳಲಿಲ್ಲ.

ಅಲ್ಲಿಂದ ಮುಂದೆ ಅವಳು ಕತ್ತೆಯಂತೆ ದುಡಿದಳು. ಮುಖ್ಯಸ್ಥರು ಬೇಡವೆಂದ ಪ್ರಶ್ನೆಯ ಬದಲು ಬೇರೆ ಬರೆದುಕೊಟ್ಟಳು. ಊಟದ ಮನೆಗೆ ಅವಳು ಹೊಕ್ಕ ಕೂಡಲೇ ಮಾತು ನಿಲ್ಲುತ್ತಿತ್ತು, ಕುರ್ಚಿಗಳು ಸದ್ದಿಲ್ಲದೆ ಸರಿದು ಜಾಗ ಬಿಡುತ್ತಿದ್ದವು. ಯಾರೋ ಅವಳ ಹಾಸಿಗೆಗೆ ದಪ್ಪ ಹೊದಿಕೆ ತಂದಿಟ್ಟಿದ್ದರು. ಒಂದು ಸಲ ಅಡುಗೆಯಾಕೆ ಅವಳನ್ನು ಕಂಡವಳೇ ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡಿದಳು. ವಯಸ್ಸಾದವರೊಬ್ಬರು ಹೋದದ್ದಕ್ಕೆ ಇವಳ್ಯಾಕೆ ಇಷ್ಟೊಂದು ಅಳುತ್ತಾಳೆ ಎಂದು ಮೇಡಂಗೆ ಅನಿಸಿತು. ಅನಿಸಿದ್ದನ್ನು ಅಲ್ಲಿಗೇ ಬಿಟ್ಟಳು.

ಮನಸ್ಸು ಪೂರಾ ಮನೆಯ ಕಡೆಗಿತ್ತು. ತಮ್ಮ ಗೇಟಿಗೆ ಬರುತ್ತಾನೆ, ತನ್ನನ್ನು ಕಂಡೊಡನೆ ಮಗುವಿನ ಹಾಗೆ ಅಳುತ್ತಾನೆ. ಆಗ ಏನು ಹೇಳಬೇಕೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡಳು. 'ನೀನು ಮಾಡೋದೆಲ್ಲ ಮಾಡಿದ್ದೀಯ ಕಣೋ. ಇನ್ನು ನಾವಿಬ್ಬರೂ ಇದ್ದೀವಲ್ಲ.' ಆ ಮಾತನ್ನು ಎಷ್ಟು ಸಲ ಹೇಳಿಕೊಂಡಳೋ.

ಪರೀಕ್ಷೆಯ ಬೆಳಗ್ಗೆ ಗಂಟೆ ಹೊಡೆದ ಸುದ್ದಿ ಫೋನಿನಲ್ಲಿ ಬಂತು. ಕಾವಲುಗಾರ ಬೀಗ ತೆಗೆದ. ಬೇರೆ ವರ್ಷಗಳಲ್ಲಿ ಎಲ್ಲರೂ ಚೀಲ ಹಿಡಿದು ನುಗ್ಗುತ್ತಿದ್ದರು. ಈ ಸಲ ಒಬ್ಬರೂ ಅಲುಗಲಿಲ್ಲ, ಅವಳಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು. ಮುಖ್ಯಸ್ಥರು "ಮೇಡಂ, ಒಂದ್ನಿಮಿಷ, ನಾನು ಹೇಳ್ಬೇಕು..." ಅಂತ ಹಿಂದೆಯೇ ಬಂದರು. ಅವಳು ನಿಲ್ಲಲಿಲ್ಲ. ಬೈಕಿಗಾಗಿ ಕಣ್ಣಾಡಿಸುತ್ತಾ ರಸ್ತೆಗೆ ಇಳಿದಳು.

ಎದುರಿನ ಗೋಡೆಗೆ ಕೈಯೂರಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅಮ್ಮ ನಿಂತಿದ್ದಳು.

ಅವಳಿಗೆ ಎದೆಯೊಡೆಯುವಷ್ಟು ಸಂತೋಷ ನುಗ್ಗಿ ಬಂತು. "ಅಮ್ಮಾ!" ಎಂದು ಕೂಗಿ, ಚೀಲ ಬಿಸಾಕಿ, ರಸ್ತೆ ದಾಟಿ ಓಡಿ ಅಮ್ಮನನ್ನು ಬಾಚಿ ತಬ್ಬಿಕೊಂಡಳು. ನಗುತ್ತಿದ್ದಳು, ಅಳುತ್ತಿದ್ದಳು. ಕೆನ್ನೆ, ಹೆಗಲು, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. "ಇದ್ದೀಯಲ್ಲಮ್ಮ! ನಾನು ಏನೇನೋ ಅಂದ್ಕೊಂಡುಬಿಟ್ಟೆ, ನನ್ನ ಬುದ್ಧಿಗಿಷ್ಟು. ನೀನ್ಯಾಕೆ ಈ ಬಿಸಿಲಲ್ಲಿ ಬರೋಕೆ ಹೋದೆ? ಎಲ್ಲಿ ಅವನು, ಗಾಡಿ ನಿಲ್ಲಿಸ್ತಿದಾನಾ?"

ಅಮ್ಮ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಗೇಟಿನ ಒಳಗೆ ಲೆಕ್ಕದ ಮೇಷ್ಟ್ರು ಮುಖ ತಿರುಗಿಸಿದರು.

"ಬಸ್ಸಲ್ಲಿ ಬಂದೆ ಕಣೇ," ಅಂದಳು ಅಮ್ಮ. "ಒಬ್ಬಳೇ."