ಬೇವಿನ ಬುಡದ ಬಾಂದುಕಲ್ಲು

೧೯೬೬ರ ಫೆಬ್ರುವರಿ ೧೨ರಂದು ಗಜೇಂದ್ರಗಡದ ಕಡೆಯ ಗುಡ್ಡದಿಂದ ಇಪ್ಪತ್ತೇಳು ಕಲ್ಲುಗಳು ಗಾಡಿ ಏರಿದವು. ಅವುಗಳಲ್ಲಿ ನಾನೊಂದು. ಕಲ್ಲುಕುಟಿಗನು ನನ್ನ ನೆತ್ತಿಯ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಕೊರೆದ. ಭೂಮಾಪಕ ರಾಜೇಸಾಬರು ಸರಪಳಿ ಎಳೆಸಿ, ಎರಡು ಹೊಲಗಳು ಕೂಡುವ ಮೂಲೆಯಲ್ಲಿ ನನ್ನನ್ನು ನೆಡಿಸಿದರು. ನಾನು ಬಾಂದುಕಲ್ಲು. ನೆಟ್ಟಲ್ಲಿ ನಿಲ್ಲುವುದಷ್ಟೇ ನನ್ನ ಕೆಲಸ.

ಮೂವತ್ತು ವರ್ಷ ಆ ಕೆಲಸ ಮಾಡಿದೆ. ಅಷ್ಟರಲ್ಲಿ ಬಲಗಡೆಯ ಹೊಲ ಶಿವಗಂಗವ್ವ ಎಂಬ ವಿಧವೆಗೆ, ಎಡಗಡೆಯದು ಫಕೀರಪ್ಪನಿಗೆ ಬಂದಿತ್ತು. ಒಂದು ಮುಂಗಾರಿನಲ್ಲಿ ಫಕೀರಪ್ಪನ ಟ್ರ್ಯಾಕ್ಟರು ನನ್ನನ್ನು ಕಿತ್ತುಹಾಕಿತು. ಅವನಲ್ಲಿ ದುರುದ್ದೇಶವಿರಲಿಲ್ಲ. ಉಳುಮೆಗೆ ಅಡ್ಡವಾಗದಿರಲೆಂದು ಶಿವಗಂಗವ್ವನ ಹೊಲದೊಳಗಿನ ಬೇವಿನ ಬುಡದಲ್ಲಿ ನಿಲ್ಲಿಸಿದ. ಆ ವಾರ ಅವಳ ಕರುವಿಗೆ ಜ್ವರ. ನೆತ್ತಿಯ ಗೆರೆಗಳನ್ನು ಕಂಡು ಅವಳು ಅರಿಸಿನ ಹಚ್ಚಿ ಹರಕೆ ಹೊತ್ತಳು. ಕರು ಎದ್ದು ಹಾಲು ಕುಡಿಯಿತು. ಅಂದಿನಿಂದ ನಾನು ದೇವರು. ಮರುವರ್ಷ ಮಗಳ ಕಷ್ಟದ ಹೆರಿಗೆಗೂ ನನ್ನ ಮುಂದೆಯೇ ಕಾಯಿ ಒಡೆದಳು.

ದೇವರಾದ ಮೇಲೂ ಜನ ನನ್ನನ್ನು ಗಡಿಯೆಂದೇ ನಂಬಿದರು. ಬದು ವರ್ಷ ವರ್ಷ ನನ್ನ ಕಡೆಗೆ ಸರಿಯಿತು. ಹದಿನೆಂಟು ಅಡಿ ಸರಿದ ಮೂಲೆ, ಇನ್ನೂರ ನಲವತ್ತೆರಡು ಅಡಿ ಉದ್ದದ ಬದು: ನಡುವಿನ ಮುಕ್ಕೋನದ ತುಂಡು ಲೆಕ್ಕ ಹಾಕಿದರೆ ಎರಡು ಗುಂಟೆ. ಶಿವಗಂಗವ್ವನ ಬಾವಿ ಅದರೊಳಗೆ ಹೋಯಿತು. ಇಬ್ಬರೂ ನೀರು ಸೇದುತ್ತಿದ್ದುದರಿಂದ ಯಾರೂ ಅಳೆಯಲಿಲ್ಲ. ಹೋದ ಬೇಸಿಗೆಯಲ್ಲಿ ಫಕೀರಪ್ಪ ಸರಿದ ಬದುವಿನ ಮೇಲೆ ಮುಳ್ಳುಬೇಲಿ ಹಾಕಿದ; ಬಾವಿ ಅವನ ಕಡೆ ಉಳಿಯಿತು. ಆಗ ಅವಳು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಳು.

ವರ್ಷಗಟ್ಟಲೆ ಕಾಯುವ ಕಾಲ ಹೋಗಿತ್ತು. ತಿಂಗಳೊಳಗೆ ಭೂಮಾಪಕಿ ಪದ್ಮಾವತಿ ಉಪಗ್ರಹದ ನೆರವಿನಿಂದ ಅಳೆಯುವ ಕೋಲು ಹಿಡಿದು ಬಂದರು. ಕೋಲು ತೋರಿದಲ್ಲಿ ಅಗೆಸಿದರು. ಅಂದು ನೆಡಿಸುವಾಗ ರಾಜೇಸಾಬರು ಗುರುತಿಗೆಂದು ನನ್ನ ಕೆಳಗೆ ಹಾಕಿಸಿದ್ದ ಇದ್ದಿಲು ಸಿಕ್ಕಿತು.

“ದೇವ್ರಿಗಿಂತ ಕೋಲು ಶ್ಯಾಣೇದೇನ್ರಿ ಬಾಯಾರ?” ಎಂದ ಫಕೀರಪ್ಪ.

ಪದ್ಮಾವತಿ ಶಿವಗಂಗವ್ವನ ಕಡೆ ತಿರುಗಿ, “ಬಾವಿ ನಿಮ್ದ ಐತಿ, ಯವ್ವಾ. ಬೇವಿನ ಬುಡದ ಕಲ್ಲು ಜಾಗ ತಪ್ಪೇತಿ ಅಂತ ಬರದೀನಿ. ಸಹಿ ಹಾಕ್ರಿ, ಹೊಸಾ ಕಲ್ಲು ನೆಡ್ತೀವಿ” ಎಂದರು.

ಶಿವಗಂಗವ್ವ ಪೆನ್ನು ಹಿಡಿದಳು. ನನ್ನ ಕಡೆ ನೋಡಿದಳು. ಪೆನ್ನು ಹಿಂದಕ್ಕೆ ಕೊಟ್ಟಳು.

“ನನ್ನ ಮಗಳನ್ನ ಉಳಿಸಿದಾಂವ ಕುಂತ ಜಾಗ ತಪ್ಪು ಅಂತ ನಾ ಹೆಂಗ ಸಹಿ ಹಾಕ್ಲಿ, ಬಾಯಾರ?”

ಅರ್ಜಿ ಹಿಂತೆಗೆದುಕೊಂಡಳು. ಪದ್ಮಾವತಿ ಬಹಳ ಹೊತ್ತು ತಿಳಿಹೇಳಿ, ಕೋಲು ಮಡಚಿಕೊಂಡು ಹೋದರು.

ನಾನು ಯಾರನ್ನೂ ಉಳಿಸಿಲ್ಲ. ಕರುವಿನ ಜ್ವರ ತಾನಾಗಿ ಇಳಿಯಿತು. ಹೆರಿಗೆ ಮಾಡಿಸಿದ್ದು ಸರ್ಕಾರಿ ದಾದಿ. ಇದನ್ನು ಹೇಳಲು ನನಗೆ ಬಾಯಿಲ್ಲ. ಶಿವಗಂಗವ್ವ ಊರ ನಲ್ಲಿಯಿಂದ ಕೊಡ ಹೊತ್ತು ಬಂದು, ಮೊದಲ ತಂಬಿಗೆ ನೀರನ್ನು ದಿನವೂ ನನ್ನ ಮೇಲೆ ಎರೆಯುತ್ತಾಳೆ. ಅವಳ ಬಾವಿ ಬೇಲಿಯಾಚೆ ತುಂಬಿದೆ. ಎರಡು ಗುಂಟೆ ನಾನು ಅವಳಿಗೆ ಕೊಡಬೇಕು. ಬಾಕಿ ಉಳಿದಿದೆ.